ಕಾರಿನಗಲದ ದಾರಿ

ಶಹಾಪುರ
12 ಸೆಪ್ಟೆಂಬರ್ 2024

ಅಪ್ಪನಿಗೆ ಮೌನೇಶ್ವರಿಯ ನಮಸ್ಕಾರ.

ನನ್ನ ಜೊತೆ ಮಾತನಾಡುವುದಿಲ್ಲ ಎಂದು ತಿಂಥಣಿ ಮೌನಪ್ಪನ ಗುಡಿಯಲ್ಲಿ ಆಣೆ ಮಾಡಿದವನು ನೀನು. ಎರಡು ವರ್ಷವಾಯಿತು. ಫೋನ್ ಹಚ್ಚಿದರೆ ಅವ್ವನ ಕೈಗೆ ಕೊಟ್ಟು ಎಮ್ಮೆ ಕಟ್ಟುವ ನೆವದಲ್ಲಿ ಎದ್ದು ಹೋಗುತ್ತೀಯ. ಆದರೆ ಓದುವುದಿಲ್ಲ, ಬರೆಯುವುದಿಲ್ಲ ಎಂದು ಆಣೆ ಮಾಡಿದ್ದನ್ನು ನಾನು ಕೇಳಿಲ್ಲ. ಅದಕ್ಕೇ ಈ ಪತ್ರ. ಅಲ್ಲಾಬಕ್ಷ ಕಾಕಾನ ಕ್ರೂಸರ್ ಜೀಪು ದಿನಾ ಊರಿನಿಂದ ಶಹಾಪುರಕ್ಕೆ ಬಂದು ಸಂಜೆ ತಿರುಗಿ ಹೋಗುತ್ತದೆ, ಅವನ ಕೈಯಲ್ಲಿ ಕಳಿಸಿದ್ದೇನೆ. ಉತ್ತರ ಬರೆದರೆ ಅವನಿಗೇ ಕೊಡು. ಮೌನಪ್ಪ ಏನೂ ಅನ್ನುವುದಿಲ್ಲ.

ನಾನು ಕಾರು ತೆಗೆದುಕೊಂಡೆ. ಸಗರದಲ್ಲಿ ಕೈ ಎತ್ತುವ ಗಂಡನನ್ನು ಬಿಟ್ಟು ಬಂದ ದಿನದಿಂದ ಇಲ್ಲಿ ಬೇರೆಯವರ ಗಾಡಿ ಹೊಡೆಯುತ್ತಿದ್ದೆ. ಇದು ನನ್ನದು. ಹೊಸದಲ್ಲ, ಒಬ್ಬ ಮಾಸ್ತರರು ಜೋಪಾನವಾಗಿ ಓಡಿಸಿದ್ದು. ಬಿಳಿ ಬಣ್ಣದ ಸಣ್ಣ ಸೆಡಾನ್. ನೀನು ನೋಡಲು ಬರುವವನಲ್ಲ ಎಂದು ಗೊತ್ತು, ಆದ್ದರಿಂದ ಬರೆದೇ ತೋರಿಸುತ್ತೇನೆ.

ಉದ್ದ ನಾಲ್ಕು ಮೀಟರಿಗೆ ಚೂರು ಕಡಿಮೆ. ಅಗಲ ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್, ಕನ್ನಡಿ ಬಿಟ್ಟು. ಪೆಟ್ರೋಲ್ ಎಂಜಿನ್, ಹನ್ನೆರಡು ನೂರು ಸಿಸಿ, ನಾಲ್ಕು ಸಿಲಿಂಡರ್, ಐದು ಗೇರ್. ಟ್ಯಾಂಕಿಗೆ ಮೂವತ್ತೇಳು ಲೀಟರ್ ಹಿಡಿಯುತ್ತದೆ. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಎಂದು ಕಂಪನಿಯ ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರು ಶಹಾಪುರ ರಸ್ತೆ ನೋಡಿಲ್ಲ, ನನಗೆ ಹದಿನೆಂಟು ಸಿಗುತ್ತದೆ. ಡಿಕ್ಕಿಯಲ್ಲಿ ಎರಡು ಹತ್ತಿಚೀಲ ಕೂರುವುದಿಲ್ಲ, ಆದರೆ ಒಂದು ಮನೆಯವರ ಗಂಟುಮೂಟೆ ಎಲ್ಲ ಕೂರುತ್ತದೆ. ಮುಂದೆ ಎರಡು ಗಾಳಿಚೀಲ ಇವೆ, ಗುದ್ದಿದರೆ ಉಬ್ಬಿಕೊಂಡು ಎದೆ ಕಾಯುತ್ತವೆ. ಹಿಂದಿನ ಬಾಗಿಲಿಗೆ ಮಕ್ಕಳ ಬೀಗ ಇದೆ. ಅದನ್ನು ಹಾಕಿದರೆ ಒಳಗಿನವರು ಎಷ್ಟು ಎಳೆದರೂ ಬಾಗಿಲು ಬರುವುದಿಲ್ಲ, ಹೊರಗಿನಿಂದಲೇ ತೆಗೆಯಬೇಕು. ಬೆಳಿಗ್ಗೆ ಶಾಲೆ ಮಕ್ಕಳನ್ನು ಬಿಡುವ ಕೆಲಸ ಹಿಡಿದಿದ್ದೇನೆ, ಅದಕ್ಕೆ ಬಹಳ ಅನುಕೂಲ.

ಸ್ವಭಾವ ಹೇಳಬೇಕೆಂದರೆ, ಅವಸರದ ಗಾಡಿಯಲ್ಲ. ಏರಿಗೆ ಎರಡನೇ ಗೇರಿನಲ್ಲಿ ಸ್ವಲ್ಪ ಗೊಣಗುತ್ತದೆ. ಸರಿಯಾಗಿ ನಡೆಸಿಕೊಂಡರೆ ಒಂದು ದಿನವೂ ಕೈ ಕೊಡುವುದಿಲ್ಲ. ಕೆಲವು ಮನುಷ್ಯರಿಗಿಂತ ವಾಸಿ.

ಈಗ ಮುಖ್ಯ ಮಾತು. ತಂಗಿ ಉಮಾಳಿಗೆ ಐದು ತಿಂಗಳು ತುಂಬಿತು. ಹೋದ ವರ್ಷದ ಹಾಗೆ ಈ ಸಲವೂ ರಕ್ತದೊತ್ತಡ ಏರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಕೊನೆಯ ಎರಡು ತಿಂಗಳು ಅವಳು ಇಲ್ಲಿ ನನ್ನ ಹತ್ತಿರ ಇರಲಿ. ಆಸ್ಪತ್ರೆ ಹತ್ತಿರ, ಬಾಗಿಲಲ್ಲೇ ಕಾರು. ಅವ್ವನೂ ಬರಲಿ. ನೀನು ಒಂದು ಸಾಲು ಬರೆದರೆ ಸಾಕು.

ಮೌನೇಶ್ವರಿ


ಊರು
20 ಸೆಪ್ಟೆಂಬರ್ 2024

ಮೌನೇಶ್ವರಿಗೆ,

ಪತ್ರ ತಲುಪಿತು. ನಿನ್ನ ಅವ್ವ ಹಣಮಂತಮ್ಮ ಬೆನ್ನು ಬಿಡಲಿಲ್ಲ, ಓದಿದೆ.

ಕಾರಿನ ಸುದ್ದಿ ನಿನ್ನ ಪತ್ರಕ್ಕಿಂತ ಮೊದಲು ಬಂದಿದೆ. ಹೋಟೆಲಿನಲ್ಲಿ ಕೂತವರು, "ಏನಪಾ ಮರಿಲಿಂಗಪ್ಪ, ಮಗಳು ಬಾಡಿಗಿ ಕಾರ ಹೊಡ್ಯಾಕತ್ತಾಳಂತಲ್ಲ" ಎಂದರು. ಅರ್ಧ ಚಹಾ ಬಿಟ್ಟು ಎದ್ದು ಬಂದೆ. ಗಂಡನ ಮನೆಗೆ ತಿರುಗಿ ಹೋಗು ಎಂದಾಗ ಹೋಗಲಿಲ್ಲ. ಊರಿಗೆ ಬಂದು ಸುಮ್ಮನೆ ಇರು ಎಂದೆ, ಇರಲಿಲ್ಲ. ಈಗ ಸಿಲಿಂಡರ್ ಎಷ್ಟು, ಗೇರ್ ಎಷ್ಟು ಎಂದು ನನಗೆ ಪಾಠ ಹೇಳುತ್ತೀಯ.

ಒಳಗಿನವರಿಗೆ ತೆರೆಯಲು ಬಾರದ ಬಾಗಿಲು ಎಂದು ಹೆಮ್ಮೆಯಿಂದ ಬರೆದಿದ್ದೀಯ. ಅಂಥ ಬಾಗಿಲು ಕುರಿದೊಡ್ಡಿಗೆ ಇರುತ್ತದೆ. ಎಲ್ಲ ಅಳತೆ ಕೊಟ್ಟವಳು ಒಂದನ್ನು ಮಾತ್ರ ನುಂಗಿಕೊಂಡೆ. ನೆಲದಿಂದ ಅದರ ಹೊಟ್ಟೆ ಎಷ್ಟು ಮೇಲಿದೆ? ಸೇತುವೆ ಆಗುವ ತನಕ ಈ ಹೊಳೆಯಲ್ಲಿ ಹರಿಗೋಲು ಹಾಕಿದವನು ನಾನು. ಹೊಟ್ಟೆ ಎಲ್ಲಿ ತಾಗುತ್ತದೆ ಎಂದು ನೋಡದೆ ಯಾವುದನ್ನೂ ನೀರಿಗೆ ಇಳಿಸಿಲ್ಲ.

ಉಮಾ ತವರಿಗೇ ಬರುತ್ತಾಳೆ. ತವರು ಎಂದರೆ ಅಪ್ಪನ ಮನೆ, ಶಹಾಪುರದ ಬಾಡಿಗೆ ಖೋಲಿ ಅಲ್ಲ. ಹೊತ್ತು ಬಂದರೆ ಅಲ್ಲಾಬಕ್ಷನ ಕ್ರೂಸರ್ ಇದೆ. ಅದು ಎತ್ತರದ ಗಾಡಿ.

ಮರಿಲಿಂಗಪ್ಪ


ಶಹಾಪುರ
3 ಅಕ್ಟೋಬರ್ 2024

ಅಪ್ಪನಿಗೆ,

ನುಂಗಿಕೊಂಡಿಲ್ಲ, ಬರೆಯಲು ಮರೆತೆ. ನೂರಾ ಅರವತ್ಮೂರು ಮಿಲಿಮೀಟರ್. ನಿನ್ನ ಕೈಯಲ್ಲಿ ಹೇಳುವುದಾದರೆ ಒಂದು ಗೇಣಿಗೆ ಕಡಿಮೆ. ಮಂದಿ ತುಂಬಿದರೆ ಇನ್ನೂ ಇಳಿಯುತ್ತದೆ. ಹೌದು, ತಗ್ಗು ಗಾಡಿ. ಆದರೆ ತಗ್ಗಾಗಿರುವುದಕ್ಕೇ ತಿರುವಿನಲ್ಲಿ ವಾಲುವುದಿಲ್ಲ, ಬಸುರಿ ಹೆಂಗಸು ಮೊಣಕಾಲು ಎತ್ತಿ ಹತ್ತಬೇಕಿಲ್ಲ, ಮನೆಯ ಮಂಚದ ಮೇಲೆ ಕೂತ ಹಾಗೆ ಕೂರಬಹುದು. ಕ್ರೂಸರಿನ ಹಿಂದಿನ ಸೀಟಿನಲ್ಲಿ ಉಮಾಳನ್ನು ಅಡ್ಡ ಕೂರಿಸಿ ಯಾದಗಿರಿಯ ದೊಡ್ಡ ದವಾಖಾನೆ ತನಕ ಕುಲುಕಿಸಬೇಕೆಂದಿದ್ದೀಯಾ?

ಬಾಡಿಗೆ ಕಾರು ಎಂದು ಮಂದಿ ಅಂದದ್ದಕ್ಕೆ ಚಹಾ ಬಿಟ್ಟು ಎದ್ದೆಯಾ? ಹರಿಗೋಲಿನಲ್ಲಿ ನೀನು ಮಂದಿಯನ್ನು ಪುಕ್ಕಟೆ ದಾಟಿಸಿದ್ದೆಯಾ? ಅಂಬಿಗನ ಮಗಳು ನಾನು. ನೀನು ನೀರಿನ ಮೇಲೆ ಮಾಡಿದ್ದನ್ನು ನಾನು ಡಾಂಬರಿನ ಮೇಲೆ ಮಾಡುತ್ತೇನೆ. ಹದಿನೈದು ವರ್ಷದವಳಿದ್ದಾಗ ನನ್ನನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ, "ನೋಡ್ರಿ, ನನ್ನ ಮಗಳು ಗಂಡಸೂರಿಗಿಂತ ಛಲೋ ಹೊಡಿತಾಳ" ಎಂದವನು ಯಾರು?

ಟ್ರ್ಯಾಕ್ಟರಿನ ಹೆಸರು ಬಂತು, ಬರೆದುಬಿಡುತ್ತೇನೆ. ಹೋದ ವರ್ಷ ಗಾಡಿ ಸಿಗಲಿಲ್ಲವೆಂದು ನೀನು ಉಮಾಳನ್ನು ಟ್ರೇಲರಿನಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟೆ. ಆಸ್ಪತ್ರೆ ಮುಟ್ಟುವಾಗ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಆ ದಿನ ನನಗೆ ಒಂದು ಫೋನ್ ಮಾಡಿದ್ದರೆ ನಾನು ಯಾರದೋ ಕಾರು ತಗೊಂಡು ಬರುತ್ತಿದ್ದೆ. ನೀನು ಮಾಡಲಿಲ್ಲ, ಅವ್ವನಿಗೂ ಮಾಡಗೊಡಲಿಲ್ಲ. ನನ್ನ ಕೂಡ ಮಾತಿಲ್ಲವಲ್ಲ!

ಇಷ್ಟು ಬರೆದ ಮೇಲೆ ಹರಿದು ಹಾಕಬೇಕು ಅನಿಸಿತು. ಹರಿಯುವುದಿಲ್ಲ.

ಮೌನೇಶ್ವರಿ


ಊರು
14 ನವೆಂಬರ್ 2024

ಮೌನೇಶ್ವರಿಗೆ,

ನಿನ್ನ ಪತ್ರ ತಲುಪಿ ಬಹಳ ದಿನವಾಯಿತು.

ಟ್ರ್ಯಾಕ್ಟರಿನ ಟ್ರೇಲರನ್ನು ಒಬ್ಬರಿಗೆ ಕೊಟ್ಟುಬಿಟ್ಟೆ. ಯಾಕೆ ಎಂದು ನಿನ್ನ ಅವ್ವ ಕೇಳಿದಳು, ಎದ್ದು ಹೊಲಕ್ಕೆ ಹೋದೆ.

ಉಮಾಳನ್ನು ಈ ತಿಂಗಳ ಕೊನೆಗೆ ರಂಗಂಪೇಟೆಯ ಗಂಡನ ಮನೆಯಿಂದ ಕರೆತರಬೇಕು. ಅಳಿಯ ಲಕ್ಷ್ಮಿಕಾಂತ ಫೋನ್ ಮಾಡಿ, ಅಕ್ಕನ ಕಾರಿನಲ್ಲಿ ಮಾತ್ರ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ ಎಂದ. ಹಾಗಾದರೆ ಹಾಗೇ ಆಗಲಿ. ಅವಳು ಇರುವುದು ಮಾತ್ರ ನನ್ನ ಮನೆಯಲ್ಲಿ.

ಉಮಾ ಕೇಳಿದಳು ಎಂದು ಬರೆಯುತ್ತೇನೆ: ಹಿಂದಿನ ಸೀಟಿನಲ್ಲಿ ಒಬ್ಬರು ಕಾಲು ಮಡಚಿ ಪೂರ್ತಿ ಮಲಗಬಹುದೇ? ಒಮ್ಮೆ ಟ್ಯಾಂಕ್ ತುಂಬಿಸಿದರೆ ನಮ್ಮ ಊರಿನಿಂದ ಯಾದಗಿರಿಗೆ ಹೋಗಿ, ನಡುವೆ ಎಲ್ಲೂ ಹಾಕಿಸದೆ ತಿರುಗಿ ಬರಬಹುದೇ? ಗಾಡಿ ನಿಂತು ನಾಲ್ಕು ದಿನವಾದರೆ ಮತ್ತೆ ಒಂದೇ ಸಲಕ್ಕೆ ಚಾಲೂ ಆಗುತ್ತದೆಯೇ?

ಮರಿಲಿಂಗಪ್ಪ


ಶಹಾಪುರ
8 ಡಿಸೆಂಬರ್ 2024

ಅಪ್ಪನಿಗೆ,

ಮಲಗಬಹುದು. ಹೋಗಿ ಬರಬಹುದು, ಮೂರು ಸಲ. ಆಗುತ್ತದೆ.

ಉಮಾಳನ್ನು ಬಿಡಲು ಬಂದಾಗ ನಿನ್ನ ಮೂರು ಪ್ರಶ್ನೆಗಳ ಬಗ್ಗೆ ಅವಳನ್ನು ಕೇಳಿದೆ. "ನಾ ಏನೂ ಕೇಳಿಲ್ಲಕ್ಕ, ನನಗ್ಯಾಕ ಟ್ಯಾಂಕಿನ ಉಸಾಬರಿ" ಎಂದಳು. ಇನ್ನೊಂದನ್ನು ಅವ್ವ ಹೇಳಿದಳು. ನಾನು ಒಳಗೆ ಉಣ್ಣುತ್ತಿದ್ದಾಗ ನೀನು ಕಾರಿನ ಹತ್ತಿರ ಮಂಡಿಯೂರಿ, ಅದರ ಅಡಿಗೆ ಕೈ ಹಾಕಿ ಗೇಣು ಅಳೆದೆಯಂತೆ. ನಾನು ಹೊರಗೆ ಬಂದ ಕೂಡಲೇ ಚಕ್ರಕ್ಕೆ ಅಂಟಿದ ಸಗಣಿ ತೆಗೆಯುವವನ ಹಾಗೆ ಮಾಡಿದೆಯಂತೆ. ಕಾರಿಗೆ ಸಗಣಿ ಅಂಟಿರಲಿಲ್ಲ, ಅಪ್ಪ.

ಆದರೆ ನೀನು ಅವ್ವನ ಮುಖಾಂತರ ಮಾತನಾಡುವ ಆಟ ನನಗೆ ಸಾಕಾಯಿತು. ನಾನು ಎದುರಿಗೇ ನಿಂತಿರುತ್ತೇನೆ, ನೀನು ಗೋಡೆ ನೋಡುತ್ತಾ, "ಅಕಿಗೆ ಹೇಳು, ಗಾಡಿ ನೆಳ್ಳಿಗೆ ಹಚ್ಚು ಅಂತ. ಅಕಿಗೆ ಹೇಳು, ಇನ್ನೊಂದು ರೊಟ್ಟಿ ಹಾಕ್ಕೋ ಅಂತ" ಅನ್ನುತ್ತೀಯ. ನಾನೂ ಅಲ್ಲೇ ಹೇಳಿ ಬಂದೆ, ಈಗ ಬರೆದೂ ಕೊಡುತ್ತೇನೆ: ನನಗೆ ಹೇಳದ ಮಾತು ನನಗೆ ಕೇಳಿಸುವುದಿಲ್ಲ. ಹಟ ನಿನ್ನೊಬ್ಬನ ಆಸ್ತಿಯಲ್ಲ, ನನಗೂ ಪಾಲು ಬಂದಿದೆ.

ಒಂದು ಮಾತು ಮಾತ್ರ ದಯವಿಟ್ಟು ಕೇಳು. ಬರುವಾಗ ನೋಡಿದೆ, ಹುರುಳಿ ಕಿತ್ತು ಹೊಲದಲ್ಲಿ ಗುಡ್ಡೆ ಹಾಕಿದ್ದೀರಿ. ಪ್ರತಿ ವರ್ಷದ ಹಾಗೆ ರಸ್ತೆ ತುಂಬ ಹಾಸಿ, ಹೋಗಿಬರುವ ಗಾಡಿಗಳಿಂದ ತುಳಿಸಿ ರಾಶಿ ಮಾಡುತ್ತೀರಿ. ಲಾರಿಗೆ, ಬಸ್ಸಿಗೆ ಏನೂ ಆಗುವುದಿಲ್ಲ. ಕಾರಿನ ಅಡಿಯಲ್ಲಿ ಹೊಗೆ ಕೊಳವೆ ಇದೆ, ಓಡಿದ ಮೇಲೆ ಅದು ಕಾದ ಹಂಚಿನಷ್ಟು ಸುಡುತ್ತದೆ. ಹುರುಳಿ ಬಳ್ಳಿ ಅಡಿಗೆ ಸುತ್ತಿಕೊಂಡರೆ ಹೊತ್ತಿಕೊಳ್ಳುತ್ತದೆ. ಇಲ್ಲಿಯ ಮಿಸ್ತ್ರಿ ಜಲಾಲುದ್ದೀನ ಅಂಥ ಎರಡು ಕಾರು ನೋಡಿದ್ದಾನೆ. "ಬೇಟಿ, ಏನರೆ ಮಾಡು, ಬಳ್ಳಿ ಮ್ಯಾಲೆ ಮಾತ್ರ ಹಾಯಿಸಬ್ಯಾಡ" ಎಂದ. ಉಮಾಳ ದಿನ ಹತ್ತಿರ ಬರುವಾಗಲೇ ನಿಮ್ಮ ರಾಶಿ. ಈ ಒಂದು ವರ್ಷ ಕಣದಲ್ಲಿ ಮಾಡಿ, ಇಲ್ಲವೇ ರಸ್ತೆಯ ಒಂದು ಬದಿ ಬಿಡಿ.

ಮೌನೇಶ್ವರಿ


ಊರು
27 ಡಿಸೆಂಬರ್ 2024

ಮೌನೇಶ್ವರಿಗೆ,

ರಸ್ತೆ ಬರುವ ಮೊದಲು ಕಣವಿತ್ತು. ಎತ್ತು ಕಟ್ಟಿ ತುಳಿಸುತ್ತಿದ್ದೆವು. ಈಗ ಎತ್ತೂ ಇಲ್ಲ, ಆಳೂ ಇಲ್ಲ, ಕಣ ಸಾರಿಸುವವರೂ ಇಲ್ಲ. ಊರೆಲ್ಲ ರಸ್ತೆಗೆ ಹಾಕುತ್ತದೆ, ನಾನೂ ಹಾಕುತ್ತೇನೆ. ನಿನ್ನ ಒಂದು ಕಾರಿಗಾಗಿ ಎಲ್ಲರ ರಾಶಿ ತೆಗೆಸಲು ನಾನು ಊರ ಗೌಡನೇ? ಬಸ್ಸು ಹಾಯುತ್ತದೆ, ಕ್ರೂಸರ್ ಹಾಯುತ್ತದೆ. ನಿನ್ನದು ಹಾಯುವುದಿಲ್ಲ ಎಂದರೆ ನಾನು ಮೊದಲು ಬರೆದದ್ದೇ ಖರೆಯಾಯಿತು.

ಆಶಾ ಕಾರ್ಯಕರ್ತೆ ದೇವಕಮ್ಮ ವಾರಕ್ಕೊಮ್ಮೆ ಬಂದು ಉಮಾಳ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಾಳೆ. ಸ್ವಲ್ಪ ಏರಿದೆ ಎಂದಳು. ಗುಳಿಗೆ ಕೊಟ್ಟಿದ್ದಾಳೆ. ಉಮಾಳ ಕಾಲು ಬಾತಿದೆ. ಉಪ್ಪು ಕಡಿಮೆ ಮಾಡಿಸಿದ್ದೇನೆ.

ನಾನು ಅಂಗಳದಲ್ಲೇ ಮಲಗುತ್ತೇನೆ. ಒಳಗೆ ಕೆಮ್ಮಿದರೂ ಕೇಳಿಸಬೇಕು ಎಂದು. ನಿನ್ನ ಫೋನ್ ನಂಬರು ಅವ್ವನ ಹತ್ತಿರ ಇದೆ, ದೇವಕಮ್ಮನ ಹತ್ತಿರವೂ ಬರೆಸಿದ್ದೇನೆ. ಗಾಡಿಗೆ ಎಣ್ಣೆ ಹಾಕಿಸಿ ಇಟ್ಟಿರು.

ಮರಿಲಿಂಗಪ್ಪ


ಯಾದಗಿರಿ
19 ಜನವರಿ 2025

ಅಪ್ಪನಿಗೆ,

ಆ ಶನಿವಾರ ನೀನು ನನ್ನ ಪಕ್ಕದ ಸೀಟಿನಲ್ಲೇ ಇದ್ದೆ. ಎಲ್ಲ ನೋಡಿದ್ದೀಯ. ಆದರೂ ಬರೆಯುತ್ತೇನೆ, ಯಾಕೆಂದರೆ ನನ್ನ ಸೀಟಿನಿಂದ ಅದು ಹೇಗಿತ್ತು ಎಂದು ನಿನಗೆ ಗೊತ್ತಿಲ್ಲ.

ಅವ್ವನ ಫೋನ್ ಬಂದಾಗ ನಾನು ಮಕ್ಕಳನ್ನು ಶಾಲೆಗೆ ಬಿಟ್ಟು ಆಗಷ್ಟೇ ತಿರುಗಿದ್ದೆ. ಉಮಾಳ ಮುಖ ಊದಿದೆ, ತಲೆ ಸಿಡಿಯುತ್ತದೆ ಅನ್ನುತ್ತಾಳೆ ಎಂದಳು. ಹಿಂದೆ ದೇವಕಮ್ಮನ ದನಿ, "ತಡ ಮಾಡಬ್ಯಾಡ್ರಿ, ಈಗಿಂದೀಗ ದೊಡ್ಡ ದವಾಖಾನಿಗೆ ನಡೀರಿ. ಆಂಬುಲೆನ್ಸ್ ಬ್ಯಾರೆ ಕಡೆ ಹೋಗ್ಯದ." ಅಲ್ಲಿಂದ ಸೀದಾ ಬಂದೆ. ಹಿಂದಿನ ಬಾಗಿಲಿಗೆ ಮಕ್ಕಳ ಬೀಗ ಹಾಕಿದ್ದು ಹಾಗೇ ಇತ್ತು. ನನಗೆ ಅದರ ನೆನಪೇ ಬರಲಿಲ್ಲ.

ಉಮಾ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನೀನು ಮುಂದೆ ಕೂತೆ. ಊರು ದಾಟುವ ಮೊದಲೇ ಶುರುವಾಯಿತು. "ಅಕಿಗೆ ಹೇಳು, ಮೆಲ್ಲಕ ಹೋಗು ಅಂತ. ಅಕಿಗೆ ಹೇಳು, ತೆಗ್ಗು ತಪ್ಪಿಸು ಅಂತ." ನಿನ್ನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ನಾನು ಕೇಳಿಸದವಳ ಹಾಗೆ ಇದ್ದೆ.

ಕಾಲುವೆ ತಿರುವು ದಾಟಿದ ಮೇಲೆ ರಸ್ತೆ ಇರಲಿಲ್ಲ. ಈ ಅಂಚಿನಿಂದ ಆ ಅಂಚಿಗೆ ಹುರುಳಿ ಬಳ್ಳಿ, ಕಣ್ಣು ಹಾಯುವಷ್ಟು ದೂರ. ನಾನು ಬರುವಾಗ ಒಂದು ಬದಿ ಇನ್ನೂ ಖಾಲಿ ಇತ್ತು, ಅಷ್ಟರಲ್ಲಿ ಅದಕ್ಕೂ ಹಾಸಿದ್ದರು. ಮೊದಲನೆಯದು ನಮ್ಮದೇ. ನಾನು ಗಾಡಿ ನಿಲ್ಲಿಸಿದೆ. ನೀನು ಹಿಂದೆ ತಿರುಗಿ, "ಯಾಕ ನಿಂತಳ? ಅಕಿಗೆ ಹೇಳು, ಮ್ಯಾಲೆ ಹಾಯಿಸು ಅಂತ. ಮುಂಜಾನಿಂದ ಎಲ್ಲಾ ಗಾಡಿ ಹಾಯ್ದಾವ" ಎಂದೆ. ನಾನೂ ಹಿಂದೆ ತಿರುಗಿ, "ಅವ್ವಾ, ಅಪ್ಪಗ ಹೇಳು, ಬಳ್ಳಿ ಸರಿಸಿದ್ರ ಹೋಗ್ತೀನಿ ಅಂತ" ಎಂದೆ. ಅವ್ವ ಉಮಾಳ ಕೈ ಹಿಡಿದು ಅಳುತ್ತಿದ್ದಳು. ಆಗ ಉಮಾ ಎಂದಳು, "ಅಕ್ಕ, ನನಗ ಕಣ್ಣು ಕಾಣವಲ್ವು."

ಗೊತ್ತಿದ್ದೂ ಗೇರ್ ಹಾಕಿದೆ. ಜಲಾಲುದ್ದೀನ ಹೇಳಿದ್ದು ನೆನಪಿತ್ತು. ಬೇಗ ದಾಟಿಬಿಟ್ಟರೆ ಆಯಿತು ಅಂದುಕೊಂಡೆ.

ಅಡಿಯಲ್ಲಿ ಬಳ್ಳಿ ಕೆರೆಯುವ ಸದ್ದು. ಗಾಡಿ ಭಾರವಾಗುತ್ತಾ ಬಂತು. ಹುರಿದ ವಾಸನೆ ಬಂತು, ಹುರುಳಿಯದೇ ಇರಬೇಕು ಅಂದುಕೊಂಡೆ. ನೀನು ನಿನ್ನ ಕಡೆಯ ಕನ್ನಡಿ ನೋಡುತ್ತಿದ್ದೆ. "ಅಕಿಗೆ ಹೇಳು, ನಿಲ್ಲಸು ಅಂತ" ಎಂದೆ. ನನಗೆ ಮೈಯೆಲ್ಲ ಉರಿಯಿತು. ಹಾಯಿಸು ಎಂದವನೇ ಈಗ ನಿಲ್ಲಿಸು ಅನ್ನುತ್ತಾನೆ, ನನ್ನ ಕಡೆ ತಿರುಗಿ ಅನ್ನುವುದಕ್ಕೂ ಆಗುವುದಿಲ್ಲ ಇವನಿಗೆ! ನೀನು ಮತ್ತೊಮ್ಮೆ ಅದನ್ನೇ ಹೇಳಿದೆ. ಕೇಳಿಸಿತು, ಅಪ್ಪ. ಎರಡು ಸಲವೂ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿಯೂ ನಾನು ಎಕ್ಸಲರೇಟರ್ ಒತ್ತಿದೆ. ಒಂದು ವಾರದಿಂದ ಕಣ್ಣು ಮುಚ್ಚಿದರೆ ಇದೊಂದೇ ನನಗೆ ಕಾಣುವುದು.

ಆಮೇಲೆ ನೀನು ನನ್ನ ತೋಳು ಹಿಡಿದು ಕೂಗಿದೆ. "ಮೌನೀ! ನಿಲ್ಲಸವ್ವಾ, ಬೆಂಕಿ!"

ನಿಲ್ಲಿಸಿದೆ. ಮುಂದಿನಿಂದ, ಬದಿಯಿಂದ ಹೊಗೆ ಎದ್ದಿತು. ನಾನು ಬೆಲ್ಟಿನ ಗುಂಡಿ ಬಿಟ್ಟು ಪಟ್ಟಿಯನ್ನೇ ಎಳೆಯುತ್ತಿದ್ದೆ. ಹಿಂದೆ ಅವ್ವ ಬಾಗಿಲಿನ ಹಿಡಿ ಎಳೆಯುತ್ತಿದ್ದಾಳೆ, ಎಳೆಯುತ್ತಿದ್ದಾಳೆ, ಬಾಗಿಲು ಬರುತ್ತಿಲ್ಲ. "ಬಾಗಲಾ ಬರವಲ್ದು" ಎಂದು ಚೀರಿದಳು. ಬೀಗ ಹಾಕಿದವಳು ನಾನು, ನನಗೇ ಹೊಳೆಯಲಿಲ್ಲ. ನೀನು ಆಗಲೇ ಇಳಿದಿದ್ದೆ. "ಒಳಗಿಂದ ಬರೂದಿಲ್ಲ ಅದು! ಎಳಿಬ್ಯಾಡ, ನಾ ಹೊರಗಿಂದ ತೆಗಿತೀನಿ!" ಎಂದು ಕೂಗಿ ಬಾಗಿಲು ತೆಗೆದೆ. ಉಮಾಳನ್ನು ಎತ್ತಿಕೊಂಡು ಹೊಲದ ಬದುವಿನ ತನಕ ಓಡಿದೆ. ಸೆಪ್ಟೆಂಬರಿನಲ್ಲಿ ನಾನು ಬರೆದ ಒಂದು ಸಾಲು ಅದು. ಕುರಿದೊಡ್ಡಿ ಬಾಗಿಲು ಎಂದು ನೀನು ನಕ್ಕಿದ್ದ ಸಾಲು.

ಆಮೇಲಿನದನ್ನು ನಾನು ನಿಂತು ನೋಡಿದೆ. ನೀನು ನೆಲಕ್ಕೆ ಬಿದ್ದು, ಆ ಗೇಣಿಗೆ ಕಡಿಮೆ ಸಂದಿಯಲ್ಲಿ ಭುಜದ ತನಕ ಕೈ ತೂರಿಸಿ, ಉರಿಯುವ ಬಳ್ಳಿಯನ್ನು ಬರಿಗೈಯಲ್ಲಿ ಎಳೆದೆಳೆದು ಹಾಕಿದೆ. ಹೊಲದ ಹೆಣ್ಣುಮಕ್ಕಳು ಕೊಡದ ನೀರು ಸುರಿದರು, ಗೋಣಿಚೀಲ ತೋಯಿಸಿ ಬಡಿದರು. ಅಡಿಯ ಪ್ಲಾಸ್ಟಿಕ್ ತಗಡು ಕರಗಿ ಜೋತುಬಿದ್ದಿತ್ತು. ಬೆಂಕಿ ಆರಿತು.

ಇನ್ನು ಈ ಗಾಡಿಯಲ್ಲಿ ಉಮಾಳನ್ನು ಕೂರಿಸಬಾರದು ಎಂದು ನಾನು ಅಂದುಕೊಳ್ಳುತ್ತಿದ್ದೆ. ಬೇರೆ ಗಾಡಿ ಬರುವ ಸುಳಿವಿಲ್ಲ. ಉಮಾ ಬದುವಿನಲ್ಲಿ ಕೂತು ಕಣ್ಣಿಲ್ಲದವರ ಹಾಗೆ ಕೈ ಚಾಚುತ್ತಿದ್ದಳು. ನೀನು ಕಾರಿನ ಅಡಿಯಲ್ಲಿ ಇನ್ನೊಮ್ಮೆ ಬಗ್ಗಿ ನೋಡಿದೆ, ಮೂಸಿ ನೋಡಿದೆ. ಎದ್ದು ನನ್ನ ಮುಖ ನೋಡಿದೆ. "ಪೆಟ್ರೋಲ್ ಸೋರಿಲ್ಲ. ಚಾಲೂ ಮಾಡು. ನಾ ಮುಂದ ಬಳ್ಳಿ ಸರಿಸ್ಕೋತ ನಡೀತೀನಿ. ನೀ ನನ್ನ ಹಿಂದ ಬಾ" ಎಂದೆ. ಅವ್ವನಿಗಲ್ಲ, ನನಗೆ.

ಒಂದೇ ಸಲಕ್ಕೆ ಚಾಲೂ ಆಯಿತು. ನೀನು ಕವಲುಕೋಲು ಹಿಡಿದು ಮುಂದೆ, ನಾನು ಹಿಂದೆ. ನಮ್ಮ ರಾಶಿ ಮುಗಿದು ಬೇರೆಯವರ ರಾಶಿ ಬಂತು. ಅವರೂ ಕೋಲು ಹಿಡಿದು ಬಂದರು. ಎಲ್ಲರೂ ಎಷ್ಟು ಸರಿಸುವುದು ಎಂದು ನಿನ್ನನ್ನು ನೋಡುತ್ತಿದ್ದರು. ನೀನು ಆಗಾಗ ತಿರುಗಿ ಕಾರಿನ ಎರಡೂ ಬದಿ ನೋಡಿ ಕೈ ಮಾಡಿ ತೋರಿಸುತ್ತಿದ್ದೆ. ಕಪ್ಪು ಡಾಂಬರು ಕಾಣುವ ತನಕ ಹಾಗೇ ಹೋದೆವು.

ಅಲ್ಲಿಂದ ಯಾದಗಿರಿ ತನಕ ನೀನು ಮತ್ತೆ ಮಾತನಾಡಲಿಲ್ಲ. ಕೈಗಳನ್ನು ಅಂಗಾತ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಶಹಾಪುರದಲ್ಲಿ ಉಮಾಳಿಗೆ ಸೂಜಿ ಹಾಕಿ ಮುಂದೆ ಕಳಿಸಿದರು, ಇಲ್ಲಿ ಬಂದ ಕೂಡಲೇ ಆಪರೇಷನ್ ಮಾಡಿದರು. ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನಿನ್ನೆದುರಿಗೇ ಹೇಳಿದರು. ಕೂಸನ್ನು ತಂದು ತೋರಿಸಿದಾಗ ನೀನು ಬ್ಯಾಂಡೇಜು ಸುತ್ತಿದ ಕೈಯಿಂದ ಅದರ ಪಾದ ಮುಟ್ಟಿ ಅತ್ತುಬಿಟ್ಟೆ. ಉಮಾಳಿಗೆ ಕಣ್ಣು ಕಾಣುತ್ತವೆ ಎಂದು ತಿಳಿದ ಮೇಲೆ, ಅಲ್ಲಾಬಕ್ಷ ಕಾಕಾನನ್ನು ಕರೆಸಿಕೊಂಡು ಊರಿಗೆ ಹೊರಟುಹೋದೆ. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಬದಿಯಿಂದಲೇ ಹಾದುಹೋದೆ.

ಒಂದೇ ಮಾತು ಕೇಳುತ್ತೇನೆ. ಆಣೆ ಮುರಿದದ್ದು ಬೆಂಕಿಗೆ ಹೆದರಿಯೋ, ನನಗಾಗಿಯೋ? ಬೆಂಕಿ ಆರಿತು ಎಂದು ಮತ್ತೆ ಆಣೆ ಎತ್ತಿಕೊಂಡೆಯಾ? ಹಾಗಿದ್ದರೆ ಅದನ್ನಾದರೂ ಬರೆದು ತಿಳಿಸು. ಕಾಯುವುದು ನನ್ನಿಂದ ಆಗುವುದಿಲ್ಲ.

ಆಸ್ಪತ್ರೆಯಿಂದ ಉಮಾಳನ್ನು ಬಿಟ್ಟ ಮೇಲೆ ಕೂಸು, ಬಾಣಂತಿ, ಅವ್ವ ಎಲ್ಲರನ್ನೂ ನನ್ನ ಖೋಲಿಗೆ ಕರೆದೊಯ್ಯುತ್ತೇನೆ. ಹೊಲಿಗೆ ಹಾಕಿದ್ದಾರೆ, ಅಷ್ಟು ದೂರ ಈಗಲೇ ಬೇಡ ಎಂದಿದ್ದಾರೆ ಡಾಕ್ಟರು. ತವರಲ್ಲ ಎಂದು ಸಿಟ್ಟಾಗಬೇಡ. ಹಿಂದಿನ ಬಾಗಿಲಿನ ಬೀಗ ತೆಗೆದಿದ್ದೇನೆ. ಇನ್ನು ಮುಂದೆ ಮಕ್ಕಳು ಹತ್ತಿದಾಗ ಹಾಕಿ, ಇಳಿದಾಗ ತೆಗೆಯುತ್ತೇನೆ.

ಮೌನಿ


ಊರು
9 ಫೆಬ್ರುವರಿ 2025

ಮೌನಿಗೆ,

ಪತ್ರ ತಡವಾಯಿತು. ಬೆರಳು ಮಡಚಲು ಬರುತ್ತಿರಲಿಲ್ಲ, ಪೆನ್ನು ನಿಲ್ಲುತ್ತಿರಲಿಲ್ಲ. ಬೇರೆಯವರಿಂದ ಬರೆಸಬಹುದಿತ್ತು. ಮನಸ್ಸಾಗಲಿಲ್ಲ. ಫೋನ್ ಹಚ್ಚಬಹುದಿತ್ತು. ಗುಡಿಗೆ ಹೋಗಿ ಬರುವ ತನಕ ಬೇಡ ಅನಿಸಿತು. ಆಸ್ಪತ್ರೆಯ ಬಾಗಿಲಲ್ಲಿ ನೀನು ನಿಂತದ್ದು ಕಂಡಿತ್ತು. ಮುಖ ಎತ್ತಿ ನೋಡಿದ್ದರೆ ನಾನು ಅಲ್ಲೇ ಎಲ್ಲರೆದುರು ಕೂತು ಅತ್ತುಬಿಡುತ್ತಿದ್ದೆ.

ಹಾಯಿಸು ಎಂದವನು ನಾನು. ಬೇಡ ಎಂದು ಪತ್ರದಲ್ಲಿ ಬರೆದು ತಿಳಿಸಿದವಳು ನೀನು. ನಿನಗೆ ಕಣ್ಣು ಮುಚ್ಚಿದರೆ ಕಾಣುವುದನ್ನು ಇನ್ನು ನೋಡಬೇಡ. ನನಗೆ ಕಾಣುವುದು ಬೇರೆ. ಅದರಲ್ಲಿ ಟ್ರೇಲರೂ ಇದೆ.

ಮೊನ್ನೆ ತಿಂಥಣಿಗೆ ಹೋಗಿ ಕಾಯಿ ಒಡೆಸಿದೆ. ಆಣೆ ಮುರಿದೆ, ತಪ್ಪಾಯಿತು ಎಂದೆ. ಪೂಜಾರಿ ಮುದುಕ. "ಯಾರ ಸಲುವಾಗಿ ಮುರದಿ?" ಎಂದು ಕೇಳಿದ. ಮಗಳ ಸಲುವಾಗಿ ಎಂದೆ. "ಯಾವ ಮಗಳಪಾ, ಹೊಟ್ಟೀಲೆ ಇದ್ದಾಕೀನೋ, ಗಾಡಿ ಹೊಡಿಯಾಕೀನೋ?" ಎಂದ. "ಇಬ್ರೂ ಅದರಾಗ ಇದ್ರು ಅಜ್ಜ. ಬಾಯಿಗೆ ಬಂದದ್ದು ಗಾಡಿ ಹೊಡಿಯಾಕಿ ಹೆಸರು" ಎಂದೆ. ನೀನು ಕೇಳಿದ್ದಕ್ಕೆ ಇದೇ ಉತ್ತರ. ಮತ್ತೆ ಆಣೆ ಮಾಡಿಲ್ಲ.

ಹೋಟೆಲಿನ ಮಂದಿ ಈಗ ಬೇರೆ ಕೇಳುತ್ತಾರೆ, ನಿನ್ನ ಮಗಳ ಗಾಡಿ ಬಾಡಿಗೆಗೆ ಸಿಗುತ್ತದೆಯೇ ಎಂದು. ದೇವಕಮ್ಮ ಇನ್ನಿಬ್ಬರು ಬಸುರಿಯರ ಮನೆಯವರಿಗೆ ನಿನ್ನ ನಂಬರು ಕೊಟ್ಟಿದ್ದಾಳೆ. ಲೀಟರಿಗೆ ಹದಿನೆಂಟು, ಹಿಂದೆ ಮಲಗಿಸಿಕೊಂಡು ಹೋಗಬಹುದು, ಎರಡನೇ ಗೇರಿನಲ್ಲಿ ಗೊಣಗಿದರೆ ಹೆದರಬೇಡಿ ಎಂದು ನಾನೇ ಹೇಳಿದ್ದೇನೆ. ಈ ಸಲ ಚಹಾ ಪೂರ್ತಿ ಕುಡಿದು ಎದ್ದೆ.

ಈಗ ತೊಗರಿ ರಾಶಿ ನಡೆದಿದೆ. ರಸ್ತೆಗೇ ಹಾಕುತ್ತೇವೆ, ಬೇರೆ ಜಾಗವಿಲ್ಲ. ಆದರೆ ಹಾಕುವ ಮೊದಲು ಎಲ್ಲರನ್ನೂ ಗುಡಿಯ ಕಟ್ಟೆಗೆ ಕರೆದೆ. ಒಂದು ಬದಿ ಬಿಟ್ಟು ಹಾಕಬೇಕು ಎಂದೆ. "ಎಷ್ಟು ಬಿಡಬೇಕ್ರಿ ಅಣ್ಣಾ?" ಎಂದು ಅಲ್ಲಾಬಕ್ಷ ಕೇಳಿದ. ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್ ಎಂದೆ. ಎಲ್ಲರೂ ನನ್ನ ಮುಖ ನೋಡಿದರು.

ಕನ್ನಡಿ ಬಿಟ್ಟು ಎಂದು ನೀನು ಬರೆದಿದ್ದೆ. ಎರಡೂ ಬದಿಗೆ ಒಂದೊಂದು ಗೇಣು ನಾನೇ ಸೇರಿಸಿದ್ದೇನೆ. ದಿನಾ ಬೆಳಿಗ್ಗೆ ಕಾಲುವೆ ತಿರುವಿನ ತನಕ ನಡೆದು ನೋಡಿ ಬರುತ್ತೇನೆ, ಯಾರೂ ಒತ್ತಿ ಹಾಕಿಲ್ಲ.

ಡಾಕ್ಟರು ಹೂಂ ಅಂದ ದಿನ ಕೂಸನ್ನು ಕರೆದುಕೊಂಡು ಹೊರಡು. ದಾರಿ ಬಿಟ್ಟಿದೆ. ಬಾ.

ನಿನ್ನ ಅಪ್ಪ